ದಿವಾಳಿ ಅರ್ಜಿಯಲ್ಲಿ ಮೊದಲ ವೀಳ್ಯ

ನನ್ನ ಉದ್ಯೋಗದ ಬಹುಭಾಗ ನಾನು ದಿವಾಳಿಯಾದವರ ನಡುವೆ ಕಳೆದೆ. ಅಂದರೆ ಬೆಂಗಳೂರಿನ ಕೋರ್ಟಿಗೆ ಸೇರಿದ ರಿಸೀವರ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಾಲ ತೀರಿಸಲಾಗದೆ ಕೈ ಎತ್ತಿದವನು ಕೋರ್ಟಿಗೆ ಅರ್ಜಿ ಹಾಕಿಕೊಂಡರೆ, ಅವನ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು, ಮಾರಿ, ಬಂದ ದುಡ್ಡನ್ನು ಸಾಲ ಕೊಟ್ಟವರಿಗೆಲ್ಲ ಹಂಚುವ ಅಧಿಕಾರಿಗೆ ರಿಸೀವರ್ ಎಂದು ಹೆಸರು. ಆ ಅಧಿಕಾರಿಯ ಪರವಾಗಿ ಎಲ್ಲರಿಂದಲೂ ಬೈಸಿಕೊಳ್ಳುವವನಿಗೆ ಗುಮಾಸ್ತ ಎಂದು ಹೆಸರು.

ಈ ಕೆಲಸದಿಂದ ನನ್ನ ಮದುವೆಯೇ ತಪ್ಪುವುದರಲ್ಲಿತ್ತು. ಹೆಣ್ಣಿನ ಕಡೆಯವರು ಗಾಂಧಿಬಜಾರಿನಲ್ಲಿ ಯಾರನ್ನೋ ವಿಚಾರಿಸಿದಾಗ ಆತ, "ಸೀತಾರಾಮನಾ? ಒಳ್ಳೇ ಹುಡುಗ. ದಿನಾ ದಿವಾಳಿ ಕೋರ್ಟಿಗೆ ಅಲೀತಾನೆ, ಪಾಪ" ಎಂದುಬಿಟ್ಟಿದ್ದ. ಮಾವನಾಗಲಿದ್ದವರು ಗಾಬರಿಯಿಂದ ನಮ್ಮ ಮನೆಗೆ ಬಂದರು. ನನ್ನ ಸಂಬಳದ ಚೀಟಿ ತೋರಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಕಚೇರಿಗೇ ಬಂದು, ನಾನು ಮೇಜಿನ ಯಾವ ಕಡೆ ಕೂರುತ್ತೇನೆ ಎಂದು ಬಾಗಿಲಿನಿಂದ ನೋಡಿಕೊಂಡು ಹೋದ ಮೇಲೆ ಲಗ್ನಪತ್ರಿಕೆ ಆಯಿತು.

ಈಚೆಗೆ ಕೋರ್ಟಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಜಯನಗರದ ನಮ್ಮ ಮನೆಗೆ ಬಂದಿದ್ದರು. ದಿವಾಳಿ ಅರ್ಜಿಯ ಕಾನೂನು ಓದಿದ್ದೇವೆ, ಆದರೆ ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಾಗುತ್ತಿಲ್ಲ, ನೀವು ಬರೆದುಕೊಡಿ ಎಂದರು. ಕಾನೂನು ಓದಿದವರಿಗೆ ಕೆಲಸ ಗೊತ್ತಾಗದೆ ಇರುವುದು ಸಹಜ. ನನ್ನ ಬಡ್ತಿ, ವರ್ಗಾವಣೆಗಳನ್ನೆಲ್ಲ ಬಿಟ್ಟು, ಅವರಿಗೆ ಉಪಯೋಗವಾಗುವಷ್ಟನ್ನು ಬರೆಯುತ್ತೇನೆ. ಉಪಯೋಗವಾಗದಿದ್ದರೆ ನಗುವುದಕ್ಕಾದರೂ ಆದೀತು.

ಮೊದಲು ತಿಳಿಯಬೇಕಾದ್ದು, ಪಾಪರ್ ಚೀಟಿ ಎಂಬ ಚೀಟಿಯೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಐವತ್ತರ ದಶಕದಲ್ಲಿ ಊರಿಗೆ ಊರೇ ಈ ಚೀಟಿಯನ್ನು ನಂಬಿತ್ತು. ನ್ಯಾಯಾಧೀಶರು ಒಂದು ಚೀಟಿಗೆ ರುಜು ಹಾಕಿ ಕೊಡುತ್ತಾರೆ, ಅದನ್ನು ಜೇಬಿನಲ್ಲಿಟ್ಟುಕೊಂಡರೆ ಸಾಲ ಕೊಟ್ಟವನು ಎದುರಿಗೆ ಸಿಕ್ಕರೂ ಮುಟ್ಟುವ ಹಾಗಿಲ್ಲ ಎಂದು ಜನ ತಿಳಿದಿದ್ದರು. ಬಸವನಗುಡಿಯ ಒಬ್ಬ ದಿನಸಿ ಅಂಗಡಿಯವನು ಕೋರ್ಟಿನ ಆರ್ಡರಿನ ನಕಲಿಗೆ ಗಾಜಿನ ಚೌಕಟ್ಟು ಹಾಕಿಸಿ, ಅಂಗಡಿಯ ಲಕ್ಷ್ಮೀಪಟದ ಪಕ್ಕ ತೂಗುಹಾಕಿ, ಎರಡಕ್ಕೂ ಒಟ್ಟಿಗೆ ಊದಿನಕಡ್ಡಿ ಹಚ್ಚುತ್ತಿದ್ದ. ಆ ಅಂಗಡಿಯನ್ನು ವಶಕ್ಕೆ ತೆಗೆದುಕೊಳ್ಳುವುದಕ್ಕೆ ನಾವು ಹೋದಾಗ, "ಚೀಟಿ ಇದ್ರೂ ಬರ್ತೀರಲ್ಲ ಸಾರ್" ಎಂದು ಅವನಿಗೆ ನಿಜವಾಗಿಯೂ ಬೇಜಾರಾಯಿತು.

ಇದ್ದದ್ದು ಚೀಟಿಯಲ್ಲ, ಅರ್ಜಿ. ಇನ್‌ಸಾಲ್ವೆನ್ಸಿ ಪಿಟಿಷನ್ ಎಂಬುದನ್ನು ಜನ ಐ.ಪಿ. ಮಾಡಿ, ಅಡಿಗೆಗೆ ಉಪ್ಪು ಹಾಕಿದಷ್ಟು ಸುಲಭವಾಗಿ ಐ.ಪಿ. ಹಾಕ್ತೀನಿ ಎನ್ನುತ್ತಿದ್ದರು. ಐನೂರು ರೂಪಾಯಿಗಿಂತ ಹೆಚ್ಚು ಸಾಲವಿರಬೇಕು, ಇಲ್ಲವೇ ಸಾಲದ ಡಿಕ್ರಿಯ ಮೇಲೆ ದಸ್ತಗಿರಿಯಾಗಿರಬೇಕು. ಆಗ, ನನ್ನಿಂದ ತೀರಿಸಲಾಗುವುದಿಲ್ಲ, ಇಂಥಿಂಥವರಿಗೆ ಇಷ್ಟಿಷ್ಟು ಕೊಡಬೇಕು, ನನ್ನ ಹತ್ತಿರ ಇರುವುದು ಇಷ್ಟು, ಇದನ್ನು ಕೋರ್ಟಿಗೆ ಒಪ್ಪಿಸುತ್ತೇನೆ ಎಂದು ಬರೆದುಕೊಡಬೇಕು. ಅರ್ಜಿ ದಾಖಲಾದ ಮೇಲೆ ಕೋರ್ಟು ರಕ್ಷಣೆ ಕೊಟ್ಟರೆ ಜೈಲಿನ ಭಯವಿಲ್ಲ. ಸಾಲ ಕೊಟ್ಟವರೆಲ್ಲ ಬಂದು ತಮ್ಮ ಸಾಲ ನಿಜವೆಂದು ರುಜುವಾತು ಮಾಡಬೇಕು. ರುಜುವಾತು ಮಾಡಿದವರಿಗಷ್ಟೇ ಪಾಲು, ಅದೂ ರೂಪಾಯಿಗೆ ಇಷ್ಟಾಣೆ ಎಂದು ಎಲ್ಲರಿಗೂ ಒಂದೇ ಅಳತೆ. ಈ ಕೊನೆಯ ಎರಡು ಮಾತನ್ನು ಚೆನ್ನಾಗಿ ನೆನಪಿಡಿ, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಮೇಲಧಿಕಾರಿಗಳ ವಿಷಯ ಹೇಳದೆ ಮುಂದೆ ಹೋಗಲಾಗದು. ನಾನು ಸೇರಿದಾಗ ಇದ್ದ ರಿಸೀವರು ಮೆತ್ತನೆಯ ಮನುಷ್ಯ. ಸಾಲಗಾರ ಅತ್ತರೆ ತಾವೂ ಕಣ್ಣು ಒರೆಸಿಕೊಂಡು, ನಶ್ಯ ಏರಿಸಿ, ವಾಯಿದೆ ಕೊಡುತ್ತಿದ್ದರು. ಅವರ ನಂತರ ಬಂದ ನರಹರಿರಾಯರಿಗೆ ಕಣ್ಣೀರು ಹಿಡಿಸುತ್ತಿರಲಿಲ್ಲ, ಸಿಸ್ಟಂ ಹಿಡಿಸುತ್ತಿತ್ತು. ಬಂದ ವಾರದಲ್ಲೇ ಕಚೇರಿಯ ಪ್ರತಿಯೊಂದು ವಸ್ತುವಿಗೂ ನಂಬರು ಬಂತು, ಮಣ್ಣಿನ ಹೂಜಿಗೂ ಬಂತು. ಅಲ್ಲಿಯವರೆಗೆ ಸಾಲ ಕೊಟ್ಟವರ ಪಟ್ಟಿಯನ್ನು ಅರ್ಜಿಯಲ್ಲಿ ಇದ್ದ ಹಾಗೇ ಹೊಡೆಯುತ್ತಿದ್ದೆವು. ರಾಯರು, "ಇನ್ನು ಮೇಲೆ ಎಲ್ಲ ಪಟ್ಟಿಗಳೂ ಅಕಾರಾದಿ" ಎಂದು ಅಪ್ಪಣೆ ಮಾಡಿದರು. ಟೈಪು ಹೊಡೆಯುವ ನನಗೆ ಅದು ಯಾವ ದೊಡ್ಡ ವಿಷಯವೆಂದೂ ತೋರಲಿಲ್ಲ.

ಆ ಅಪ್ಪಣೆಯ ಬೆನ್ನಿಗೇ ಪುಟ್ಟಸ್ವಾಮಪ್ಪನ ಅರ್ಜಿ ಬಂತು. ಕನಕಪುರ ರಸ್ತೆಯ ಜರಗನಹಳ್ಳಿಯವನು. ಆಗ ಅದು ಹಳ್ಳಿಯೇ, ಸುತ್ತ ರಾಗಿ ಹೊಲ. ಬೀಗರೂಟದ ಅಡುಗೆಯಲ್ಲಿ ಅವನನ್ನು ಮೀರಿಸುವವರು ಯಡಿಯೂರಿನಿಂದ ಮಡಿವಾಳದವರೆಗೆ ಇರಲಿಲ್ಲವಂತೆ. ಮಾಂಸದ ಊಟದ ವಿಷಯದಲ್ಲಿ ನನ್ನ ಸಾಕ್ಷಿ ನಡೆಯುವುದಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ. ಜಯನಗರ ಎದ್ದು ನಿಲ್ಲುತ್ತಿದ್ದ ಕಾಲ. ಮನೆಗಳು ಬಂದ ಮೇಲೆ ಮದುವೆಗಳೂ ಬರುತ್ತವೆ ಎಂದು ಲೆಕ್ಕ ಹಾಕಿದ ಪುಟ್ಟಸ್ವಾಮಪ್ಪ, ಬಡಾವಣೆಯ ತುದಿಯಲ್ಲಿ ನಿವೇಶನ ಕೊಂಡು ಕಲ್ಯಾಣಮಂಟಪ ಕಟ್ಟಲು ಹೊರಟ. ಲೆಕ್ಕ ಸರಿಯಾಗಿಯೇ ಇತ್ತು, ಕೆಲವು ವರ್ಷ ಮುಂಚೆ ಹಾಕಿದ್ದ ಅಷ್ಟೆ. ಬಸ್ಸಿಲ್ಲದ ಕಡೆ ದಿಬ್ಬಣ ಹೋಗುವುದಿಲ್ಲ. ಗೋಡೆ ಕಿಟಕಿಯ ಎತ್ತರಕ್ಕೆ ಬರುವಷ್ಟರಲ್ಲಿ ಅವನ ದುಡ್ಡು, ಊರವರ ದುಡ್ಡು ಎರಡೂ ಮುಗಿದವು.

ಊರವರು ಸುಮ್ಮನಿದ್ದರು. ಸುಮ್ಮನಿರದವರು ಮಡಿವಾಳದ ಮರದ ಮಂಡಿಯ ಮೊದಲಿಯಾರರು. ಬಾಗಿಲು ಚೌಕಟ್ಟಿನ ಬಾಕಿಗೆ ಡಿಕ್ರಿ ಮಾಡಿಸಿ, ದಸ್ತಗಿರಿ ವಾರಂಟು ತೆಗೆಸಿದರು. ಪುಟ್ಟಸ್ವಾಮಪ್ಪ ಅರ್ಜಿ ಹಿಡಿದು ನಮ್ಮ ಬಾಗಿಲಿಗೆ ಬಂದ. ಎತ್ತರದ ಆಳು, ಮುಂಗೈ ತುಂಬ ಒಲೆಯ ಸುಟ್ಟ ಗುರುತು.

"ಚೀಟಿ ಯಾವಾಗ ಕೊಡ್ತೀರಾ ಸಾರ್?" ಎಂದ.

ಚೀಟಿ ಇಲ್ಲವೆಂದು ವಿವರಿಸಿದೆ. ಅವನ ಮುಖ ಇಳಿಯಿತು. ಆಮೇಲೆ ಮೆಲ್ಲಗೆ, "ನಮ್ ವೀಳ್ಯ ಏನಾಯ್ತದೆ?" ಎಂದು ಕೇಳಿದ. ಅಂಥ ಪ್ರಶ್ನೆ ನಮ್ಮ ಕಾನೂನಿನ ಪುಸ್ತಕದಲ್ಲಿ ಇರಲಿಲ್ಲ.

ಅವರ ಊರಿನಲ್ಲಿ ಮದುವೆ, ಒಸಗೆ ಏನೇ ಆದರೂ ಎಲೆಯಡಿಕೆ ಹಂಚುವುದಕ್ಕೆ ಒಂದು ಕ್ರಮವಿತ್ತು. ಸಾರುವವನು ಒಂದೊಂದೇ ಮನೆತನದ ಹೆಸರು ಹಿಡಿದು ಕೂಗುತ್ತಾನೆ. ಮೊದಲ ವೀಳ್ಯ ಹೊನ್ನೇಗೌಡರ ಮನೆಗೆ, ಎರಡನೆಯದು ಪುಟ್ಟಸ್ವಾಮಪ್ಪನ ಮನೆಗೆ, ಆಮೇಲೆ ಉಳಿದ ಯಜಮಾನರು. ಆ ಕ್ರಮ ತಪ್ಪಿದರೆ ಧಾರೆ ಅಲ್ಲಿಗೇ ನಿಲ್ಲುತ್ತದೆ. ಪಾಪರ್ ಆದವನ ಮನೆಗೆ ವೀಳ್ಯ ಕೂಗುವುದಿಲ್ಲ. ಕೇಸು ಮುಗಿಯುವವರೆಗೆ ಪುಟ್ಟಸ್ವಾಮಪ್ಪನ ವೀಳ್ಯವನ್ನು ಕೂಗದೆ ತಟ್ಟೆಯ ಮೂಲೆಯಲ್ಲಿಡುವುದು, ಮುಗಿದ ಮೇಲೂ ದಿವಾಳಿಯಾಗಿಯೇ ಉಳಿದರೆ ತೆಗೆದೇಬಿಡುವುದು ಎಂದು ಊರಿನಲ್ಲಿ ತೀರ್ಮಾನವಾಗಿತ್ತು.

"ಜೈಲಿಗಾದ್ರೂ ಹೋಗ್ಬರ್ತೀನಿ ಸಾರ್. ನಮ್ಮಪ್ಪ, ನಮ್ಮ ತಾತ ತಗೊಂಡ ವೀಳ್ಯ. ನನ್ ಕಾಲ್ದಲ್ಲಿ ನಿಂತೋದ್ರೆ ನಾನ್ ಸೌಟು ಹಿಡ್ದು ಯಾರ ಮನೆ ಮದ್ವೇಲಿ ನಿಂತ್ಕಳ್ಳಿ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಮೊದಲು ಆಸ್ತಿಯ ಪಟ್ಟಿ ಮಾಡಲು ಅವನ ಮನೆಗೆ ಹೋದೆವು. ಜೊತೆಗೆ ನರಹರಿರಾಯರೇ ಬಂದರು. ಹಿತ್ತಲಿನಲ್ಲಿ ಕೊಪ್ಪರಿಗೆಗಳು, ಹಂಡೆಗಳು, ಆಳೆತ್ತರದ ಸೌಟುಗಳು. ರಾಯರು ಮಡಿವಂತರು. ಮಾಂಸ ಬೆಂದ ಪಾತ್ರೆಯನ್ನು ಮುಟ್ಟಲಾರರು, ನಂಬರು ಅಂಟಿಸದೆ ಬಿಡಲಾರರು. ಕೊನೆಗೆ ಉದ್ದನೆಯ ಬಿದಿರು ಕೋಲಿನ ತುದಿಗೆ ಗೋಂದು ಹಚ್ಚಿದ ಚೀಟಿ ಸಿಕ್ಕಿಸಿ, ದೂರದಿಂದ ಕೊಪ್ಪರಿಗೆಗೆ ತಿವಿದು ತಿವಿದು ಅಂಟಿಸಿದರು. ಅರ್ಧ ಚೀಟಿಗಳು ಪಕ್ಕದಲ್ಲಿದ್ದ ಎಮ್ಮೆಗೆ ಅಂಟಿಕೊಂಡವು. ಆ ಎಮ್ಮೆ ಪಕ್ಕದ ಮನೆಯದು. ನಮ್ಮ ಎಮ್ಮೆ ಯಾಕೆ ಜಪ್ತಿ ಮಾಡಿದಿರಿ ಎಂದು ಅವರು ಮಾರನೆಯ ದಿನವೇ ತಕರಾರು ಅರ್ಜಿ ಹಾಕಿದರು.

ಕಾನೂನಿನಲ್ಲಿ ಒಂದು ದಯೆಯಿದೆ. ಸಂಸಾರಕ್ಕೆ ಬೇಕಾದ ಅಡುಗೆ ಪಾತ್ರೆ, ಉಟ್ಟ ಬಟ್ಟೆ, ಕಸುಬುದಾರನ ಕಸುಬಿನ ಸಾಮಾನು, ಇವನ್ನು ಮುಟ್ಟುವ ಹಾಗಿಲ್ಲ. ಪುಟ್ಟಸ್ವಾಮಪ್ಪನ ವಕೀಲ ಹೊಸಬ. ಕೊಪ್ಪರಿಗೆಗಳೆಲ್ಲ ಸಂಸಾರದ ಅಡುಗೆ ಪಾತ್ರೆ ಎಂದು ವಾದ ಹೂಡಿಬಿಟ್ಟ.

"ಊರಿಗೇ ಅನ್ನ ಮಾಡುವ ಕೊಪ್ಪರಿಗೆ. ನಿಮ್ಮ ಮನೆಯಲ್ಲಿ ಎಷ್ಟು ಜನ?" ಎಂದು ನ್ಯಾಯಾಧೀಶರು ಕೇಳಿದರು.

"ನಾವ್ ಐದ್ ಜನ ಬುದ್ಧಿ," ಎಂದ ಪುಟ್ಟಸ್ವಾಮಪ್ಪ. ಸ್ವಲ್ಪ ಯೋಚಿಸಿ, "ಊಟ ಜಾಸ್ತಿ ಮಾಡ್ತೀವಿ" ಎಂದು ಸೇರಿಸಿದ.

ಇಡೀ ಕೋರ್ಟು ನಕ್ಕಿತು. ನಕ್ಕು ಮುಗಿದ ಮೇಲೆ ನ್ಯಾಯಾಧೀಶರು, "ಅಡುಗೆಗೆ ನೀವೇ ನಿಲ್ಲುತ್ತೀರೋ, ಆಳುಗಳನ್ನು ಬಿಡುತ್ತೀರೋ?" ಎಂದರು. ಪುಟ್ಟಸ್ವಾಮಪ್ಪ ಉತ್ತರವಾಗಿ ಮಸಾಲೆ ಅರೆಯುವುದರಿಂದ ಶುರುಮಾಡಿ, ಒಗ್ಗರಣೆಯ ಹದ, ಸೌದೆ ಎಳೆಯುವ ಹೊತ್ತು, ಎಲ್ಲವನ್ನೂ ಹೇಳುತ್ತ ಹೋದ. ಊಟದ ವಿರಾಮಕ್ಕೆ ಸ್ವಲ್ಪ ಮೊದಲಿನ ಹೊತ್ತು ಅದು. ಬೆಂಚ್ ಕ್ಲಾರ್ಕು ಬರೆಯುವುದನ್ನು ನಿಲ್ಲಿಸಿ ಎಂಜಲು ನುಂಗುತ್ತಿದ್ದದ್ದನ್ನು ನಾನೇ ನೋಡಿದೆ. ಅಡುಗೆಯ ಪಾತ್ರೆಗಳು ಕಸುಬಿನ ಸಾಮಾನು, ಅವನ್ನು ಬಿಡಬೇಕು, ನಿವೇಶನ ಮತ್ತು ಅರ್ಧ ಕಟ್ಟಿದ ಗೋಡೆಗಳನ್ನು ರಿಸೀವರು ಮಾರಬೇಕು ಎಂದು ಆರ್ಡರಾಯಿತು. ಅವನನ್ನು ದಿವಾಳಿಯೆಂದು ಸಾರುವ ಆರ್ಡರೂ ಅದರ ಹಿಂದೆಯೇ ಬಂತು.

ಇನ್ನು ಬಿಡುಗಡೆಯ ಆರ್ಡರು ಬರುವವರೆಗೆ ದಿವಾಳಿಯಾದವನು ಐವತ್ತು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಸಾಲ ಪಡೆಯಬೇಕಾದರೆ ತನ್ನ ಸ್ಥಿತಿಯನ್ನು ಮೊದಲೇ ಹೇಳಬೇಕು, ಹೇಳದಿದ್ದರೆ ಶಿಕ್ಷೆ. ಇದನ್ನು ನಾನು ಪುಟ್ಟಸ್ವಾಮಪ್ಪನಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದೆ. ಅವನು ಐವತ್ತರ ಮಾತನ್ನು ಮರೆತು, ಶಿಕ್ಷೆಯ ಮಾತನ್ನು ಇಟ್ಟುಕೊಂಡ. ತರಕಾರಿ ಮಂಡಿಗೆ ಹೋಗಿ ಎಲ್ಲರ ಮುಂದೆ, "ಅಣ್ಣ, ನಾನು ಬಿಡುಗಡೆ ಆಗ್ದೇ ಇರೋ ದಿವಾಳಿ. ಎರಡು ಮೂಟೆ ಈರುಳ್ಳಿ ಸಾಲ ಕೊಡು" ಎಂದನಂತೆ. ಸಾಲ ಕೇಳುವಾಗ ನಿಜ ಹೇಳಿದ ಗಿರಾಕಿಯನ್ನು ಮಂಡಿಯವನು ಅದೇ ಮೊದಲು ಕಂಡದ್ದು. ಮೂರು ಮೂಟೆ ಕೊಟ್ಟು ಕಳಿಸಿದ. ಬೀಡಿ ಕೊಳ್ಳುವಾಗಲೂ ಪುಟ್ಟಸ್ವಾಮಪ್ಪ ಇದನ್ನು ಹೇಳುತ್ತಿದ್ದ ಎಂದು ಆಮೇಲೆ ತಿಳಿಯಿತು.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಪುಟ್ಟಸ್ವಾಮಪ್ಪ ಅರ್ಜಿ ಬರೆಸುವಾಗ ಸಾಲ ಕೊಟ್ಟವರ ಹೆಸರುಗಳನ್ನು ತನಗೆ ಗೊತ್ತಿದ್ದ ಒಂದೇ ಕ್ರಮದಲ್ಲಿ ಹೇಳಿದ್ದ, ವೀಳ್ಯದ ಕ್ರಮದಲ್ಲಿ. ಮೊದಲು ಹೊನ್ನೇಗೌಡರು, ಆಮೇಲೆ ಯಜಮಾನರು, ಕಲಾಯಿ ಹಾಕುವ ಬಾಷಾ ಸಾಬರು, ಕಟ್ಟಕಡೆಗೆ ಹೂ ಕಟ್ಟುವ ಅಂಕಮ್ಮ. ಅಂಕಮ್ಮ ಮೊಳ ಹೂವಿನಿಂದ ಕೂಡಿಸಿದ ದುಡ್ಡನ್ನು, ಮಂಟಪ ಎದ್ದರೆ ಹೂವಿನ ಗುತ್ತಿಗೆ ನಿನಗೇ ಎಂಬ ಮಾತಿನ ಮೇಲೆ ಕೊಟ್ಟಿದ್ದಳು. ಹೊರಗಿನವರಾದ ಮೊದಲಿಯಾರರನ್ನು ಬೇರೆ ಹಾಳೆಯಲ್ಲಿ ಬರೆಸಿದ್ದ. ನಾನು ಹೊಸ ಅಪ್ಪಣೆಯಂತೆ ಎಲ್ಲವನ್ನೂ ಅಕಾರಾದಿಯಾಗಿ ಹೊಡೆದೆ. ಅಂಕಮ್ಮ ಮೊದಲಾದಳು. ಹೊನ್ನೇಗೌಡರು ಕಟ್ಟಕಡೆಗೆ ಹೋದರು. ನೋಟೀಸನ್ನು ಜರಗನಹಳ್ಳಿಯ ಚಾವಡಿಯ ಗೋಡೆಗೆ ನಾನೇ ಅಂಟಿಸಿ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ಕಚೇರಿಯ ಮುಂದೆ ಒಂದು ಗಾಡಿ ತುಂಬ ಜನ. ಮೊದಲು ಬಂದವರು ಪಟ್ಟಿಯಲ್ಲಿ ಇಲ್ಲದವರು.

"ನಮ್ ಮನೆ ಹೆಸ್ರು ಯಾಕ್ ಬಿಟ್ಟಿದೀರಾ ಸ್ವಾಮಿ?" ಎಂದರು ಒಬ್ಬರು.

"ನೀವು ಸಾಲ ಕೊಟ್ಟಿದ್ದೀರಾ?"

"ಇಲ್ಲ. ಕೊಟ್ಟಿಲ್ಲ ಅಂತ ಊರಿಗೆಲ್ಲ ಯಾಕ್ ಗೊತ್ತಾಗ್ಬೇಕು? ಕೊಡಾಕೆ ಇವ್ರತ್ರ ಏನೂ ಇರ್ಲಿಲ್ಲ ಅಂತ ಬೀಗ್ರು ಆಡ್ಕೊಳ್ತಾರೆ. ಒಂದೈದ್ ರೂಪಾಯಿ ಆದ್ರೂ ಬರ್ಕೊಳ್ಳಿ."

ಮದುವೆಯ ಕರೆಯೋಲೆ ಬಾರದಿದ್ದರೆ ಆಗುವ ಅವಮಾನವೇ ಅವರಿಗೆ ಆಗಿತ್ತು. ಸಾಲ ಕೊಡದೆ ಸಾಲಿಗರಾಗುವ ಅವಕಾಶ ಕಾನೂನಿನಲ್ಲಿಲ್ಲ ಎಂದು ಅವರನ್ನು ಕಳಿಸುವಷ್ಟರಲ್ಲಿ ಸಾಕಾಯಿತು. ಅವರ ಹಿಂದೆ ಹೊನ್ನೇಗೌಡರು ನಿಂತಿದ್ದರು. ಬಿಳಿ ಪೇಟ, ಕರಿ ಕೋಟು, ಬಿಳಿ ಮೀಸೆ. ಒಳಗೆ ಬಂದವರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಪಟ್ಟಿ ಬರ್ದೋರು ಯಾರು?"

ನಾನು ನರಹರಿರಾಯರ ಕಡೆ ನೋಡಿದೆ. ರಾಯರು ಅಕಾರಾದಿ ಕ್ರಮದ ಲಾಭಗಳನ್ನು ವಿವರಿಸಿದರು. ಯಾವ ಹೆಸರು ಬೇಕಾದರೂ ಕ್ಷಣದಲ್ಲಿ ಸಿಗುತ್ತದೆ ಎಂದರು.

"ನನ್ ಹೆಸ್ರು ಹುಡುಕ್ಬೇಕಾ ಸ್ವಾಮಿ? ನಮ್ಮೂರಲ್ಲಿ ಅದನ್ನ ಯಾರೂ ಹುಡುಕಿಲ್ಲ. ಮೊದಲ್ನೇದೇ ಇರ್ತದೆ."

"ಪಾಲು ಎಲ್ಲರಿಗೂ ಒಂದೇ ಅಳತೆ ಗೌಡರೇ. ಮೊದಲಾದರೂ ಕಡೆಯಾದರೂ ಒಂದೇ," ಎಂದರು ರಾಯರು.

ಅದನ್ನು ಹೇಳಬಾರದಿತ್ತು. ಗೌಡರ ಮೀಸೆ ಅದುರಿತು. "ಅಳತೇನೂ ಒಂದೇ ಮಾಡಿದೀರಾ" ಎಂದಷ್ಟೇ ಹೇಳಿ ಹೊರಟುಹೋದರು. ಪಟ್ಟಿಯನ್ನು ಇನ್ನೊಂದು ಸಲ ಬೇರೆ ಹೊಡೆದುಕೊಡುತ್ತೇನೆ, ಒಂದು ಹಾಳೆ ಖರ್ಚು ಎಂದು ನಾನು ರಾಯರನ್ನು ಕೇಳಿಕೊಂಡೆ. ಕಾನೂನಿಗೆ ವೀಳ್ಯ ಗೊತ್ತಿಲ್ಲ ಎಂದು ಅವರು ಹೂಜಿಯ ನಂಬರು ಸರಿಪಡಿಸಲು ಎದ್ದರು.

ಸಾಲದ ರುಜುವಾತಿನ ದಿನ ಬಂತು. ಇಂಥ ದಿನಗಳಲ್ಲಿ ಸಾಲ ಕೊಟ್ಟವರು ಬಾರದಿರುವುದು ಸಾಮಾನ್ಯ. ಜರಗನಹಳ್ಳಿಯವರು ಒಬ್ಬರೂ ಬಿಡದೆ ಬಂದರು. ಪೇಟ ಸುತ್ತಿ, ಕೋಟು ತೊಟ್ಟು, ಕೋರ್ಟಿನ ಪಡಸಾಲೆಯ ಬೆಂಚುಗಳ ಮೇಲೆ ವೀಳ್ಯದ ಕ್ರಮದಲ್ಲೇ ಕೂತರು.

ಬೆಂಚ್ ಕ್ಲಾರ್ಕು ಮೊದಲ ಹೆಸರು ಕೂಗಿದ. ಅಂಕಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಕಟಕಟೆ ಹತ್ತಿ, ತನ್ನ ದುಡ್ಡಿನ ಲೆಕ್ಕ ಹೇಳಿ, ಹೆಬ್ಬೆಟ್ಟು ಒತ್ತಿದಳು. ಇಳಿಯುವುದಕ್ಕೆ ಹೇಳಿದರೂ ಕ್ಷಣಕಾಲ ಅಲ್ಲೇ ನಿಂತಳು.

"ಎಲ್ರ ಮದ್ವೇಲೂ ಹೂ ಕಟ್ಟಿ ಕೊನೇಲಿ ಎಲೆಯಡಿಕೆ ಇಸ್ಕೊಂಡೋಳು ಬುದ್ಧಿ. ಇವತ್ತು ಸರ್ಕಾರ ನನ್ನ ಮೊದ್ಲು ಕರೀತು" ಎಂದಳು. ಪುಕ್ಕಟೆಯಾಗಿ ನ್ಯಾಯಾಧೀಶರ ಮೇಜಿನ ಮೇಲೆ ಒಂದು ಮೊಳ ಮಲ್ಲಿಗೆ ಇಟ್ಟು ಇಳಿದಳು. ಅದನ್ನು ದಾಖಲೆಗೆ ಸೇರಿಸಬೇಕೇ ಎಂದು ರಾಯರು ನನ್ನ ಕಿವಿಯಲ್ಲಿ ಕೇಳಿದರು.

ಆಮೇಲೆ ಚಿಕ್ಕಣ್ಣ ಎಂಬ ಯಜಮಾನರ ಹೆಸರು ಬಂತು. ಗೌಡರನ್ನು ಬಿಟ್ಟರೆ ಅವರದೇ ದೊಡ್ಡ ಸಾಲ. ಅವರು ಎದ್ದು, ಕಾಗದ ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಮುಂದಿಟ್ಟರು. ಬೆಂಚಿನ ಮೊದಲಲ್ಲಿ ಕೂತಿದ್ದ ಗೌಡರು ಕೆಮ್ಮಿದರು. ಜೋರಾಗಿ ಏನಲ್ಲ, ಗಂಟಲು ಸರಿಮಾಡಿಕೊಂಡ ಹಾಗೆ. ಚಿಕ್ಕಣ್ಣನವರು ಗೌಡರ ಮುಖ ನೋಡಿದರು, ಕಾಗದ ನೋಡಿದರು, ಮತ್ತೆ ಗೌಡರ ಮುಖ ನೋಡಿದರು. ಅಷ್ಟು ಕಷ್ಟಪಟ್ಟ ಮುಖವನ್ನು ನಾನು ಹಲ್ಲು ಕೀಳಿಸಿಕೊಳ್ಳುವವರಲ್ಲಿ ಮಾತ್ರ ಕಂಡಿದ್ದೇನೆ.

"ನಂದೇನೂ ಇಲ್ಲ ಬುದ್ಧಿ" ಎಂದು ಕೂತುಬಿಟ್ಟರು.

ಅವರ ಹಿಂದೆ ಪ್ರತಿಯೊಬ್ಬ ಯಜಮಾನರೂ ನಂದೇನೂ ಇಲ್ಲ, ನಂದೇನೂ ಇಲ್ಲ ಎನ್ನುತ್ತ ಹೋದರು. ನಡುವೆ ಬಾಷಾ ಸಾಬರ ಹೆಸರು ಬಂದಾಗ ಗೌಡರು ಕೆಮ್ಮಲಿಲ್ಲ, ಸಾಬರು ರುಜುವಾತು ಮಾಡಿದರು. ಮೊದಲಿಯಾರರು ಇಬ್ಬರು ವಕೀಲರ ಜೊತೆ ಬಂದರು, ಮಾಡಿದರು. ಕಟ್ಟಕಡೆಗೆ ಹೊನ್ನೇಗೌಡರು ಎದ್ದರು.

"ನಿಮಗೆ ದೊಡ್ಡ ಮೊತ್ತ ಬರಬೇಕೆಂದು ಅರ್ಜಿಯಲ್ಲೇ ಇದೆ. ಬೇಡವೇ?" ಎಂದು ನ್ಯಾಯಾಧೀಶರು ಕೇಳಿದರು.

"ಕಡೇ ಎಲೇಲಿ ಕೂತು ಉಂಡ ಅಭ್ಯಾಸ ಇಲ್ಲ ಬುದ್ಧಿ. ಈ ಪಂಕ್ತಿ ನಮಗೆ ಬ್ಯಾಡ."

ಪುಟ್ಟಸ್ವಾಮಪ್ಪ ಕೈಮುಗಿದು ಅಡ್ಡ ಬಂದ. "ಗೌಡ್ರೇ, ನಾನ್ ಬರ್ಸಿದ್ದು ನಿಮ್ದೇ ಮೊದ್ಲು. ದೇವ್ರಾಣೆ" ಎಂದ. ಗೌಡರು ಅವನ ಕಡೆ ತಿರುಗಿಯೂ ನೋಡಲಿಲ್ಲ. "ಅವ್ನಿಗೂ ನಮಗೂ ಇವತ್ತಿಂದ ಮಾತಿಲ್ಲ" ಎಂದು ಗೋಡೆಗೆ ಹೇಳಿ ಹೊರಗೆ ನಡೆದರು. ಹೋದರೂ ಊರಿಗೆ ಹೋಗಲಿಲ್ಲ. ಕೋರ್ಟು ಮುಚ್ಚುವವರೆಗೂ ಅಂಗಳದ ಮರದ ಕೆಳಗೆ ಎಲ್ಲರನ್ನೂ ಕೂರಿಸಿಕೊಂಡಿದ್ದರು. ಕಡಲೆಕಾಯಿ ತಿನ್ನಲು ಎದ್ದ ಚಿಕ್ಕಣ್ಣನವರ ಮೇಲೂ ಒಂದು ಕಣ್ಣಿಟ್ಟಿದ್ದರು.

ನಿವೇಶನ ಹರಾಜಾಯಿತು. ನಿವೃತ್ತ ಇಂಜಿನಿಯರೊಬ್ಬರು ಗೋಡೆಗಳ ಸಮೇತ ಕೊಂಡರು. ಮೊದಲಿನ ಲೆಕ್ಕದಲ್ಲಿ ಎಲ್ಲರಿಗೂ ರೂಪಾಯಿಗೆ ಆರಾಣೆ ಬಂದರೆ ಹೆಚ್ಚು ಎಂದಿತ್ತು. ನಯಾಪೈಸೆ ಬಂದು ಸ್ವಲ್ಪ ಕಾಲವಾಗಿದ್ದರಿಂದ ಆರಾಣೆಯನ್ನು ಪೈಸೆಗೆ ತಿರುಗಿಸುವುದರಲ್ಲಿ ರಾಯರೂ ನಾನೂ ಜಗಳವಾಡಿದ್ದೆವು. ಆ ಜಗಳವೇ ವ್ಯರ್ಥವಾಯಿತು. ರುಜುವಾತು ಮಾಡಿದವರು ಬೆರಳೆಣಿಕೆಯ ಜನ. ಅವರಿಗೆಲ್ಲ ರೂಪಾಯಿಗೆ ರೂಪಾಯಿ ಕೊಟ್ಟು, ಖರ್ಚು ಕಳೆದರೂ ಕೈಯಲ್ಲಿ ಚೂರು ಉಳಿಯಿತು. ಅಂಕಮ್ಮ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಮೊದಲಿಯಾರರಿಗೆ ಪೂರ್ತಿ ಬಂದದ್ದರಿಂದ ಬೈಯುವುದಕ್ಕೆ ಏನೂ ಸಿಗದೆ, ರಸೀದಿಯ ಮಸಿ ತೆಳುವಾಗಿದೆ ಎಂದು ಆಕ್ಷೇಪಿಸಿದರು.

ರುಜುವಾತಾದ ಎಲ್ಲ ಸಾಲವೂ ಪೂರ್ತಿ ತೀರಿದರೆ ಕೋರ್ಟು ದಿವಾಳಿಯ ಆರ್ಡರನ್ನೇ ರದ್ದುಮಾಡುತ್ತದೆ. ಕಾನೂನಿನ ಪುಸ್ತಕದಲ್ಲಿ ಆ ಕಲಮನ್ನು ಓದಿದ್ದೆ, ನಡೆದದ್ದನ್ನು ಕಂಡಿರಲಿಲ್ಲ. ಪುಟ್ಟಸ್ವಾಮಪ್ಪ ನಮ್ಮ ಮೇಜಿನ ಮುಂದೆ ನಿಂತಿದ್ದ.

"ನೀನು ದಿವಾಳಿ ಅನ್ನೋ ಆರ್ಡರು ರದ್ದಾಗಿದೆ," ಎಂದೆ.

"ಅಂದ್ರೆ ಬಿಡುಗಡೆ ಆಯ್ತಾ?"

"ಬಿಡುಗಡೆ ಅಲ್ಲ. ಅದಕ್ಕಿಂತ ಮೇಲು. ನೀನು ದಿವಾಳಿ ಅಲ್ಲವೇ ಅಲ್ಲ ಅಂತ."

"ಹಂಗಾದ್ರೆ ಇಷ್ಟ್ ದಿನ ನಾನ್ ಏನಾಗಿದ್ದೆ ಸಾರ್?"

ನರಹರಿರಾಯರು ತಲೆಯೆತ್ತದೆ, "ಪೆಂಡಿಂಗ್" ಎಂದರು. ನಮ್ಮ ರಾಯರು ತಮಾಷೆ ಮಾಡಿದ್ದು ಅದೊಂದೇ ಸಲ, ಅದು ತಮಾಷೆಯೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅಕಾರಾದಿ ಕ್ರಮದಿಂದ ಸಾಲ ವಸೂಲಿಯಲ್ಲಿ ಪೂರ್ಣ ಯಶಸ್ಸು ಸಿಕ್ಕಿದೆ ಎಂದು ಅವರು ಮೇಲಿನವರಿಗೆ ವರದಿ ಕಳಿಸಿದರು. ಮೇಲಿನಿಂದ ಪ್ರಶಂಸೆಯೂ ಬಂತು.

ಆ ವರ್ಷವೇ ಹೊನ್ನೇಗೌಡರ ಮೊಮ್ಮಗಳ ಮದುವೆ. ಪುಟ್ಟಸ್ವಾಮಪ್ಪ ಮನೆಗೆ ಬಂದು, "ಆರ್ಡರ್ ನಕಲು ತಗೊಂಡು ನೀವೂ ಬನ್ನಿ ಸಾರ್. ನಾನ್ ಹೇಳಿದ್ರೆ ಯಾರ್ ನಂಬ್ತಾರೆ?" ಎಂದು ಕರೆದ. ಗೌಡರ ಜೊತೆ ಮಾತಿಲ್ಲವಲ್ಲ ಎಂದೆ. ಮಾತಿಲ್ಲ, ಆದರೆ ಅಡುಗೆಗೆ ನಾನೇ ಎಂದ. ಗೌಡರು ಆಳಿನ ಕೈಯಲ್ಲಿ ಹೇಳಿಕಳಿಸಿದ್ದರಂತೆ.

ಬೀಗರೂಟದ ದಿನ ನಾನು ಹೋದಾಗ ಚಪ್ಪರದ ಪಕ್ಕದಲ್ಲಿ ಗೌಡರು ಒಬ್ಬರೇ ನಿಂತಿದ್ದರು. ನಕಲು ತೋರಿಸಿ, ಕೋರ್ಟು ಹೇಳಿದ್ದನ್ನು ವಿವರಿಸಿದೆ. ಅವರು ಕಾಗದವನ್ನು ಮುಟ್ಟಲಿಲ್ಲ, ಆದರೆ ದಿವಾಳಿ ಅಲ್ಲವೇ ಅಲ್ಲ ಎಂಬ ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿ ಎಂದರು. ಹೇಳಿದೆ. ಸಾರುವವನನ್ನು ಕರೆದು ಕಿವಿಯಲ್ಲಿ ಏನೋ ಅಂದರು.

ತಾಂಬೂಲದ ಹೊತ್ತಾಯಿತು. ಮೊದಲ ವೀಳ್ಯ ಗೌಡರ ಮನೆಗೆ ಎಂದು ಸಾರುವವನು ಕೂಗಿದ. ಆಮೇಲೆ, ಆ ವರ್ಷದ ಎಲ್ಲ ಮದುವೆಗಳಲ್ಲೂ ಎರಡೆಲೆ ಮೂಲೆಗೆ ಸರಿಸಿ ಸುಮ್ಮನಾಗುತ್ತಿದ್ದ ಜಾಗದಲ್ಲಿ, ಗಂಟಲೆತ್ತಿ, "ಎರಡ್ನೇ ವೀಳ್ಯ ಪುಟ್ಟಸ್ವಾಮಪ್ಪನ್ ಮನೇಗೇ" ಎಂದ. ಪುಟ್ಟಸ್ವಾಮಪ್ಪ ಒಲೆಯ ಹತ್ತಿರದಿಂದ ಓಡಿಬಂದು, ಮಸಾಲೆಯ ಕೈಯನ್ನು ಪಂಚೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಎಲೆಯಡಿಕೆ ತೆಗೆದುಕೊಂಡ. ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಗೌಡರು ಬೇಕೆಂದೇ ಮುಖವನ್ನು ಅತ್ತ ತಿರುಗಿಸಿದ್ದರು.

"ಇನ್ನೂ ಕೋಪವೇ ಗೌಡರೇ? ಪಟ್ಟಿ ಹೊಡೆದವನು ನಾನು, ಅವನಲ್ಲ," ಎಂದೆ.

ಗೌಡರು ಸುತ್ತ ನೋಡಿ ದನಿ ತಗ್ಗಿಸಿದರು. "ಪಟ್ಟಿ ಅಂಟಿಸ್ದಾಗ ನನಗೇನ್ ಓದಾಕ್ ಬರ್ದಾ ಸ್ವಾಮಿ? ಅವ್ನ ಗೋಡೆ ಮಾರಿದ್ರೆ ಎಷ್ಟ್ ಬರ್ತದೆ ಅಂತ ನನಗ್ ಗೊತ್ತಿಲ್ವಾ? ಸಾಲ ಬಿಟ್ಟೆ ಹೋಗಪ್ಪ ಅಂದಿದ್ರೆ ಅವ್ನು ಜೀವಮಾನ ನನ್ ಮುಂದೆ ಬಗ್ಗಿ ನಡೀಬೇಕು. ಜಗಳ ಆಡಿದ್ರೆ ನೆಟ್ಟಗೆ ನಡೀತಾನೆ."

ನಾನು ಅಡುಗೆಯ ಚಪ್ಪರಕ್ಕೆ ನಡೆದೆ. ಪುಟ್ಟಸ್ವಾಮಪ್ಪ ಕೊಪ್ಪರಿಗೆಯ ಮುಂದೆ ನಿಂತು ಸೌಟಾಡಿಸುತ್ತಿದ್ದ. ರಾಯರ ಬಿದಿರು ಕೋಲಿನ ಒಂದು ಚೀಟಿ ಇನ್ನೂ ಕೊಪ್ಪರಿಗೆಯ ಕಂಠಕ್ಕೆ ಅಂಟಿಕೊಂಡಿತ್ತು. ನನಗೆ ಬಾಳೆಹಣ್ಣು, ಹಾಲು ತರಿಸಿಕೊಟ್ಟ.

"ಗೌಡರ ಹತ್ತಿರ ಹೋಗಿ ಒಂದು ಮಾತು ಆಡಪ್ಪ. ರಾಜಿಯಾಗಲಿ," ಎಂದೆ.

ಅವನು ನಕ್ಕ. "ಬ್ಯಾಡಿ ಸಾರ್. ಮಾತಾಡಿದ ದಿನ ಸಾಲ ಜ್ಞಾಪಕ ಬರ್ತದೆ, ಅವ್ರಿಗೂ ನನಗೂ."

ಕೊಪ್ಪರಿಗೆಯ ತಳದಿಂದ ಒಳ್ಳೆಯ ಮೂಳೆ ಹುಡುಕಿ ತೆಗೆದು, ಬಟ್ಟಲಿಗೆ ಹಾಕಿ, ಬಡಿಸುವವನ ಕೈಗೆ ಕೊಟ್ಟು, "ಗೌಡ್ರ ಎಲೆಗೆ. ನಾನ್ ಕೊಟ್ಟೆ ಅನ್ಬೇಡ" ಎಂದು ಕಳಿಸಿದ.

ಸ್ವಲ್ಪ ಹೊತ್ತಿಗೆ ಪಂಕ್ತಿಯ ಮೊದಲ ಎಲೆಯಿಂದ ಗೌಡರ ದನಿ ಇಡೀ ಚಪ್ಪರಕ್ಕೆ ಕೇಳಿಸಿತು. "ಇದಕ್ಕೆ ಉಪ್ಪು ಹಾಕ್ದೋನು ಯಾವನಯ್ಯ? ಬಾಯಿಗಿಡಾಕ್ ಆಗಲ್ಲ," ಎಂದರು. ಆಮೇಲೆ ಅದೇ ದನಿಯಲ್ಲಿ, "ಇನ್ನೊಂದ್ ಸೌಟು ತಗೊಂಬಾ."